ತಿರುಗಿ ಬರೋದಕ್ಕೆ ನಾಚಿಕೆ ಯಾಕೆ?

"ಇನ್ನು ಐದೇ ಕಿಲೋಮೀಟರ್ ಅಲ್ವಾ? ಹೋಗೇಬಿಡೋಣ."

ಹೀಗೆ ಹಟ ಹಿಡಿದವರು ಬೇರೆ ಯಾರೂ ಅಲ್ಲ, ನಾನೇ. ನವೆಂಬರ್ ಮೊದಲ ಶನಿವಾರ, ಮಧ್ಯಾಹ್ನ ಎರಡು ಗಂಟೆ. ನಾರ್ವೆಯ ಟ್ರೊಂಡೈಮ್ ಊರಾಚೆಯ ಕಾಡಿನಲ್ಲಿ ನಾವು ಮೂವರು ನಿಂತಿದ್ದೆವು. ಸ್ಪೇನಿನ ಗೆಳೆಯನ ಒಂದು ಕಾಲು ಜೌಗಿನಲ್ಲಿ ಮೊಣಕಾಲಿನವರೆಗೆ ಹೂತು ಆಗಷ್ಟೇ ಹೊರಬಂದಿತ್ತು. ಶೂ ತುಂಬ ಐಸ್ ನೀರು. ನಾರ್ವೆಯ ಗೆಳತಿ ಒಂದು ಸಲ ಮ್ಯಾಪ್ ನೋಡಿದಳು, ಒಂದು ಸಲ ಆಕಾಶ ನೋಡಿದಳು. ಆಮೇಲೆ ತಣ್ಣಗೆ ಹೇಳಿದಳು: "ವಾಪಸ್ ಹೋಗೋಣ."

ನನಗೆ ಸಿಟ್ಟು ಬಂತು. ಕುಮಾರಪರ್ವತದ 1,712 ಮೀಟರ್ ಹತ್ತಿಳಿದ ನನಗೆ ಈ ಕಾಡಿನ ದಾರಿ ಒಂದು ಲೆಕ್ಕವಾ?

ನಾನು ಅಲ್ಲಿಗೆ ಹೋಗಿದ್ದು ಒಂದು ಸೆಮಿಸ್ಟರ್ ಓದೋಕೆ. ನಮ್ಮ ಕಾಲೇಜಿಗೂ ಅಲ್ಲಿನ ಎನ್‌ಟಿಎನ್‌ಯು ವಿಶ್ವವಿದ್ಯಾಲಯಕ್ಕೂ ವಿನಿಮಯ ಒಪ್ಪಂದ ಇತ್ತು. ಯುರೋಪಿನಾಚೆಯಿಂದ ಬರುವ ವಿದ್ಯಾರ್ಥಿಗಳಿಗೆ ನಾರ್ವೆ 2023ರಿಂದ ಶುಲ್ಕ ಹಾಕುತ್ತಿದೆ. ಒಪ್ಪಂದದ ಮೇಲೆ ಹೋದವರಿಗೆ ಅದು ಇಲ್ಲ. ಹಾಗಂತ ಖರ್ಚೇನೂ ಕಮ್ಮಿ ಅಲ್ಲ. ರೂಮು, ಊಟ, ವಿಮಾನ ಎಲ್ಲ ಸೇರಿ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಹಾಗಾಗಿ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಒಂದು ವೀಕೆಂಡೂ ವೇಸ್ಟ್ ಆಗಬಾರದು.

ಬೇರೆ ದೇಶಗಳಿಗೆ ಹೋದ ನನ್ನ ಕ್ಲಾಸ್‌ಮೇಟ್‌ಗಳು ಈ ವಾರ ಪ್ಯಾರಿಸ್, ಮುಂದಿನ ವಾರ ಪ್ರಾಗ್ ಅಂತ ಸ್ಟೇಟಸ್ ಹಾಕುತ್ತಿದ್ದರು. ನಾನೂ ಏನಾದರೂ ತೋರಿಸಬೇಕಲ್ಲ? ಆಗ ಸಿಕ್ಕಿದ್ದೇ 'ಕೊಯೆ'.

ಕೊಯೆ ಅಂದರೆ ಕಾಡಿನೊಳಗಿನ ಮರದ ಗುಡಿಸಲು. ವಿಶ್ವವಿದ್ಯಾಲಯದ ಕ್ರೀಡಾ ಸಂಘದ ವಿದ್ಯಾರ್ಥಿಗಳೇ ಟ್ರೊಂಡೈಮ್ ಸುತ್ತಮುತ್ತ ಇಂಥ ಇಪ್ಪತ್ತಕ್ಕೂ ಹೆಚ್ಚು ಗುಡಿಸಲುಗಳನ್ನು ನೋಡಿಕೊಳ್ಳುತ್ತಾರೆ. ಕರೆಂಟಿಲ್ಲ, ನಲ್ಲಿ ಇಲ್ಲ. ಸೌದೆ ಒಲೆ, ಮಲಗೋಕೆ ಹಾಸಿಗೆ, ಪಕ್ಕದಲ್ಲಿ ಹಳ್ಳವೋ ಕೆರೆಯೋ ಇದ್ದರೆ ನೀರು. ಬಾಡಿಗೆ ನಮ್ಮ ಜೇಬಿಗೆ ಎಟುಕುವಷ್ಟು. ಫೋಟೋಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ!

ಗಡಿಯಾರ ಕೊಟ್ಟ ಏಟು

ಟ್ರೊಂಡೈಮ್ ಇರೋದು 63 ಡಿಗ್ರಿ ಉತ್ತರದಲ್ಲಿ. ಆಗಸ್ಟ್‌ನಲ್ಲಿ ನಾನು ಬಂದಿಳಿದಾಗ ರಾತ್ರಿ ಒಂಬತ್ತೂವರೆಗೂ ಬೆಳಕಿತ್ತು. ಆಮೇಲೆ ದಿನಾ ಕೆಲವು ನಿಮಿಷ ಬೆಳಕು ಕರಗುತ್ತಾ ಹೋಗುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದರೆ ಶನಿವಾರ ಐದಕ್ಕೆ ಮುಳುಗಿದ ಸೂರ್ಯ ಭಾನುವಾರ ನಾಲ್ಕಕ್ಕೇ ಮುಳುಗುತ್ತಾನೆ. ವರ್ಷವಿಡೀ ಆರು, ಆರೂವರೆಗೆ ಸಂಜೆಯಾಗೋ ಊರಲ್ಲಿ ಬೆಳೆದ ನನಗೆ ಇದು ಗೊತ್ತಿತ್ತು, ಆದರೆ ಮೈಗೆ ಹತ್ತಿರಲಿಲ್ಲ.

ಅವತ್ತು ಬೆಳಗ್ಗೆ ನಾನು ಎದ್ದಿದ್ದೇ ಲೇಟು. ಬಸ್ ತಪ್ಪಿತು. ಮುಂದಿನ ಬಸ್ಸಿನಲ್ಲಿ ಹೋಗಿ ನಡೆಯೋಕೆ ಶುರು ಮಾಡಿದಾಗ ಹನ್ನೆರಡು ಗಂಟೆ. ಒಂಬತ್ತು ಕಿಲೋಮೀಟರ್ ದಾರಿ, ಮೂರು ಗಂಟೆ ಸಾಕು ಅಂದುಕೊಂಡಿದ್ದೆವು. ಜೌಗಿನ ಮೇಲೆ ತೆಳು ಐಸು, ಅದರ ಮೇಲೆ ಹೊಸ ಹಿಮ. ಎಲ್ಲಿ ಗಟ್ಟಿ ನೆಲ, ಎಲ್ಲಿ ಕೆಸರು ಗೊತ್ತೇ ಆಗುತ್ತಿರಲಿಲ್ಲ. ಎರಡು ಗಂಟೆಯಲ್ಲಿ ನಡೆದದ್ದು ನಾಲ್ಕೇ ಕಿಲೋಮೀಟರ್.

"ಇದೇ ಸ್ಪೀಡಲ್ಲಿ ಇನ್ನೂ ಎರಡೂವರೆ ಗಂಟೆ ಬೇಕು. ಬೆಳಕಿರೋದು ಎರಡು ಗಂಟೆ. ಇವನ ಕಾಲು ಒದ್ದೆ," ಅಂದಳು ಗೆಳತಿ.

"ಫೋನಲ್ಲಿ ಟಾರ್ಚ್ ಇದೆ, ಮ್ಯಾಪ್ ಇದೆ," ಅಂದೆ. ತೋರಿಸೋಣ ಅಂತ ಜೇಬಿಂದ ತೆಗೆದೆ. ನಲವತ್ತು ಪರ್ಸೆಂಟ್ ಇದ್ದ ಫೋನು ನನ್ನ ಕಣ್ಣೆದುರೇ ಆಫ್ ಆಯಿತು. ಚಳಿಗೆ ಲಿಥಿಯಂ ಬ್ಯಾಟರಿ ಹೀಗೆ ಕೈಕೊಡುತ್ತದೆ ಅಂತ ಆಮೇಲೆ ತಿಳಿಯಿತು.

ಅವಳು ನಗಲಿಲ್ಲ. ನಾರ್ವೆಯಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಒಂಬತ್ತು ನಿಯಮಗಳಿವೆಯಂತೆ. ಯೋಜನೆ ಮಾಡು, ಎಲ್ಲಿಗೆ ಹೋಗ್ತೀಯ ಅಂತ ಯಾರಿಗಾದರೂ ಹೇಳು, ಹವಾಮಾನ ನೋಡು, ಮ್ಯಾಪು ಮತ್ತು ದಿಕ್ಸೂಚಿ ಬಳಸು... ಹೀಗೆ. ಅದರಲ್ಲಿ 8ನೆಯದು: ಸಮಯ ಇರುವಾಗಲೇ ತಿರುಗಿ ಬಾ, ತಿರುಗಿ ಬರೋದರಲ್ಲಿ ನಾಚಿಕೆ ಇಲ್ಲ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತಂತೆ ಅದು.

ನಾವು ತಿರುಗಿದೆವು. ಹಿಮದಲ್ಲಿ ನಮ್ಮದೇ ಹೆಜ್ಜೆ ಗುರುತು ಹಿಡಿದು ನಡೆದು ರಸ್ತೆ ಮುಟ್ಟಿದಾಗ ಮೂರೂ ಮುಕ್ಕಾಲು, ಆಗಲೇ ಮಬ್ಬು. ಬಸ್ಸಿಗೆ ಒಂದು ಗಂಟೆ ಕಾದೆವು. ಗೆಳೆಯ ನನ್ನ ಹತ್ತಿರ ಇದ್ದ ಒಣ ಕಾಲುಚೀಲ ಹಾಕಿಕೊಂಡು, ಅಮ್ಮ ಕಳಿಸಿದ ಕೋಡುಬಳೆ ಕಡಿಯುತ್ತಾ ನಡುಗುತ್ತಿದ್ದ. ಅವತ್ತು ರಾತ್ರಿ ಹಾಸ್ಟೆಲ್ ಕಿಟಕಿಯಾಚೆ ಗಾಳಿಯ ಜೊತೆ ಹಿಮ ಸುರಿಯಿತು. ಬೆಚ್ಚಗಿನ ರೂಮಿನಲ್ಲಿ ಕೂತು ಅದನ್ನು ನೋಡುವಾಗ ನನ್ನ ಕೈ ನಡುಗಿದ್ದು ಚಳಿಗಲ್ಲ.

ಮನೆಗೆ ಫೋನ್ ಮಾಡಿದೆ. ದುಡ್ಡು ದಂಡ ಅಂತ ಬೈತಾರೇನೋ ಅಂದುಕೊಂಡಿದ್ದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು ಹೇಳಿದರು: "ಹೊಳೆ ಕೆಂಪಾದ್ರೆ ದಾಟಬಾರ್ದು ಅಂತ ನಿನ್ನ ಅಜ್ಜ ಹೇಳ್ತಿದ್ದದ್ದು ಇದೇ ಅಲ್ವಾ? ಮಳೆಗಾಲದಲ್ಲಿ ನಾವೂ ಎಷ್ಟು ಸಲ ಈಚೆ ದಡದಲ್ಲೇ ಉಳ್ಕೊಂಡಿದೀವಿ."

ಎಂಟನೇ ನಿಯಮ ನಮ್ಮ ಮನೆಯಲ್ಲೇ ಇತ್ತು. ನಾನೇ ಮರೆತಿದ್ದೆ.

ಹೊರಡುವ ಮುನ್ನ

ಸೆಮಿಸ್ಟರ್‌ಗೆ ಅಂತ ನೀವೋ, ನಿಮ್ಮ ತಮ್ಮನೋ ತಂಗಿಯೋ ನಾರ್ವೆಗೆ ಹೊರಟಿದ್ದರೆ ಈ ನಾಲ್ಕು ಮಾತು ಉಪಯೋಗಕ್ಕೆ ಬರಬಹುದು.

* ಅಲ್ಲಿ 1957ರ ಕಾನೂನಿನ ಪ್ರಕಾರ ಕಾಡು, ಬೆಟ್ಟದಲ್ಲಿ ಯಾರು ಬೇಕಾದರೂ ಓಡಾಡಬಹುದು. ಟೆಂಟ್ ಹಾಕಬಹುದು. ಆದರೆ ಜನ ಇರುವ ಮನೆಯಿಂದ 150 ಮೀಟರ್ ದೂರ ಇರಬೇಕು. ಒಂದೇ ಜಾಗದಲ್ಲಿ ಎರಡು ರಾತ್ರಿಗಿಂತ ಹೆಚ್ಚು ಇರಬೇಕಾದರೆ ಜಾಗದವರನ್ನು ಕೇಳಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ.
* ಹೊರಡುವ ಮುಂಚೆ ಸೂರ್ಯ ಮುಳುಗುವ ಸಮಯ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. 'ಇಷ್ಟು ಗಂಟೆಗೆ ಎಲ್ಲೇ ಇದ್ದರೂ ತಿರುಗೋದು' ಅಂತ ಮನೆಯಲ್ಲೇ ತೀರ್ಮಾನ ಮಾಡಿ. ದಾರಿಯಲ್ಲಿ ತೀರ್ಮಾನ ಮಾಡೋಕೆ ಹೋದರೆ ಹಟವೇ ಗೆಲ್ಲುತ್ತದೆ.
* ಕಾಗದದ ಮ್ಯಾಪು, ಹೆಡ್‌ಲೈಟು, ಒಂದು ಜೊತೆ ಹೆಚ್ಚುವರಿ ಉಣ್ಣೆ ಕಾಲುಚೀಲ ಇರಲಿ. ಫೋನು ಒಳಜೇಬಿನಲ್ಲಿ, ಮೈಗೆ ತಾಗಿಕೊಂಡಿರಲಿ.
* ಆಂಬ್ಯುಲೆನ್ಸ್ 113, ಪೊಲೀಸ್ 112. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಅಂತ ರೂಮ್‌ಮೇಟ್‌ಗೆ ಒಂದು ಮೆಸೇಜ್ ಹಾಕೋಕೆ ಮರೆಯಬೇಡಿ.

ಎರಡನೇ ಸಲ

ಎರಡು ವಾರ ಬಿಟ್ಟು ಅದೇ ಮೂವರು ಮತ್ತೆ ಹೊರಟೆವು. ಈ ಸಲ ಕತ್ತಲಿರುವಾಗಲೇ ಹೆಡ್‌ಲೈಟ್ ಹಾಕಿಕೊಂಡು. ಜೌಗು ಅಷ್ಟರಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಹನ್ನೆರಡಕ್ಕೆ ಮೊದಲೇ ಗುಡಿಸಲಿನ ಬಾಗಿಲು ತೆಗೆದೆವು. ಸೌದೆ ಒಡೆದು, ಒಲೆ ಹಚ್ಚಿ, ಅನ್ನ ಮಾಡಿ, ಮನೆಯ ಸಾರಿನ ಪುಡಿಯಲ್ಲಿ ಸಾರು ಕುದಿಸಿದೆ. ಸ್ಪೇನಿನವನು ಮೂರು ಸಲ ಬಡಿಸಿಕೊಂಡ.

ಹೊರಗೆ ಮೂರೂಕಾಲಕ್ಕೇ ಸೂರ್ಯ ಮುಳುಗಿದ. ನಾವು ಮೇಣದ ಬತ್ತಿ ಹಚ್ಚಿ ಮಾತಾಡುತ್ತಾ ಕೂತೆವು. ಫೋನು ಸ್ವಿಚ್ ಆಫ್ ಆಗಿ ಚೀಲದಲ್ಲಿತ್ತು. ನೀವು ನಂಬಲಿಕ್ಕಿಲ್ಲ, ಆ ಗುಡಿಸಲಿನ ಒಳಗಿನ ಒಂದೇ ಒಂದು ಫೋಟೋ ನನ್ನ ಹತ್ತಿರ ಇಲ್ಲ. ಡಿಸೆಂಬರ್‌ನಲ್ಲಿ ಹತ್ತು ದಿನಕ್ಕೆ ಆರು ದೇಶ ಓಡಬೇಕು ಅಂತ ಮಾಡಿಕೊಂಡಿದ್ದ ಪಟ್ಟಿಯನ್ನೂ ಅಲ್ಲೇ ಕೈಬಿಟ್ಟೆ. ಉಳಿದ ದುಡ್ಡು ಅಪ್ಪನ ಸಾಲಕ್ಕೆ ಹೋಯಿತು.

ಗುಡಿಸಲಿನಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ. ಬಂದವರೆಲ್ಲ ತಾರೀಖು ಹಾಕಿ ಎರಡು ಸಾಲು ಬರೆದು ಹೋಗಬೇಕು. ಬೆಳಗ್ಗೆ ಹೊರಡುವ ಮುಂಚೆ ಗೆಳತಿ ಪೆನ್ನು ನನ್ನ ಕೈಗೆ ಕೊಟ್ಟು, "ನಿನ್ನ ಭಾಷೆಯಲ್ಲೇ ಬರಿ," ಅಂದಳು.

ಬರೆದೆ: "ಮೊದಲ ಸಲ ಅರ್ಧ ದಾರಿಯಿಂದ ವಾಪಸ್ ಹೋದೆವು. ಅದಕ್ಕೇ ಈ ಸಲ ಬಂದೆವು."