ಔಷಧಸೇವನೆ, ಹೃದಯಾಘಾತ ಮತ್ತು ರೋಗಿಯ ಹಕ್ಕುಗಳು

ಕೀಲುನೋವಿಗೆ ವೈದ್ಯರು ಬರೆದುಕೊಡುತ್ತಿದ್ದ ರೋಫೆಕಾಕ್ಸಿಬ್ ಎಂಬ ಔಷಧವನ್ನು ಅದರ ತಯಾರಕರು 2004ರ ಸೆಪ್ಟೆಂಬರ್ 30ರಂದು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ದೀರ್ಘಕಾಲ ಸೇವಿಸಿದವರಲ್ಲಿ ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಸಂಭವ ಹೆಚ್ಚುವುದು ಕಂಡುಬಂದಿತ್ತು. ಅದೇ ಡಿಸೆಂಬರ್‌ನಲ್ಲಿ ಭಾರತ ಸರ್ಕಾರವೂ ಅದನ್ನು ನಿಷೇಧಿಸಿತು. ಅಮೆರಿಕದಲ್ಲಿ ರೋಗಿಗಳು ಹೂಡಿದ ದಾವೆಗಳ ಇತ್ಯರ್ಥಕ್ಕಾಗಿ ತಯಾರಕರು 2007ರಲ್ಲಿ 485 ಕೋಟಿ ಡಾಲರ್ ನೀಡಲು ಒಪ್ಪಿದರು.

ಭಾರತದಲ್ಲಿ ಇಂತಹ ಹಾನಿಗೊಳಗಾದವರು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಪರಿಹಾರ ಕೋರಬಹುದು. ಔಷಧವು ದೋಷಯುಕ್ತವಾಗಿದ್ದರೆ ಅಥವಾ ಅಪಾಯದ ಬಗ್ಗೆ ಸಾಕಷ್ಟು ಎಚ್ಚರಿಕೆ ನೀಡದಿದ್ದರೆ ತಯಾರಕರು ಹೊಣೆಗಾರರಾಗುತ್ತಾರೆ. ಆದರೆ ವೈದ್ಯರ ಸಲಹೆಯ ಮೇಲೆಯೇ ನೀಡತಕ್ಕ ಔಷಧದ ವಿಷಯದಲ್ಲಿ, ತಯಾರಕರು ವೈದ್ಯರಿಗೆ ಸಮಂಜಸ ರೀತಿಯಲ್ಲಿ ಎಚ್ಚರಿಕೆ ತಲುಪಿಸಿದ್ದರೆ, ಎಚ್ಚರಿಕೆ ನೀಡಲಿಲ್ಲವೆಂಬ ಆರೋಪದಿಂದ ಅವರು ಮುಕ್ತರು. ಆಗ ವೈದ್ಯರು ಅದನ್ನು ರೋಗಿಗೆ ತಿಳಿಸಿದರೇ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿದೆ.

ದೂರನ್ನು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದು. ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಅವಧಿಯಿದೆ. ಔಷಧಕ್ಕೂ ಹೃದಯಾಘಾತಕ್ಕೂ ಇರುವ ಸಂಬಂಧವನ್ನು ದೂರುದಾರರೇ ರುಜುವಾತುಪಡಿಸಬೇಕು. ಆದ್ದರಿಂದ ಔಷಧಚೀಟಿ, ರಸೀದಿ, ಔಷಧದ ಹೊದಿಕೆ ಮತ್ತು ಆಸ್ಪತ್ರೆಯ ದಾಖಲೆಗಳನ್ನು ಜೋಪಾನವಾಗಿಡುವುದು ಅಗತ್ಯ. ಅಡ್ಡ ಪರಿಣಾಮಗಳನ್ನು 1800-180-3024 ಸಂಖ್ಯೆಗೆ ಉಚಿತವಾಗಿ ತಿಳಿಸಬಹುದು. ವೈದ್ಯರನ್ನು ವಿಚಾರಿಸದೆ ಯಾವ ಔಷಧವನ್ನೂ ತಾವಾಗಿಯೇ ನಿಲ್ಲಿಸಬಾರದು.