ಮೂರರಲ್ಲಿ ಒಂದು ಕೈಕೊಟ್ಟಾಗ

ಬಸವನಗುಡಿಯಲ್ಲಿರೋ ನಮ್ಮ ಗೆಳೆಯನ ತಾತನ ಹತ್ತಿರ 1996ರ ಮಾರುತಿ 800 ಇದೆ. ನಿಂತಲ್ಲೇ ಗಡಗಡ ನಡುಗ್ತಿತ್ತು. ಎರಡು ಸಲ ಪ್ಲಗ್, ಒಂದು ಸಲ ವೈರ್ ಸೆಟ್ ಬದಲಾಯಿಸಿದ್ರೂ ಸರಿಹೋಗಲಿಲ್ಲ. ಕೊನೆಗೆ ಮೆಕ್ಯಾನಿಕ್ ಒಬ್ಬರು "ಇಂಜಿನ್ ಮುಗೀತು, ಗುಜರಿಗೆ ಕೊಡಿ" ಅಂದುಬಿಟ್ರು. ತಾತ ಏನೂ ಮಾತಾಡಲಿಲ್ಲ. ಆ ಭಾನುವಾರ ನಾವು ನಾಲ್ವರು ಬಾನೆಟ್ ಎತ್ತಿದೆವು.

ಮೊದಲು ಸ್ವಲ್ಪ ಲೆಕ್ಕ. ಇದು 796 ಸಿಸಿ, ಮೂರು ಸಿಲಿಂಡರಿನ ಕಾರ್ಬುರೇಟರ್ ಇಂಜಿನ್. ಫೋರ್ ಸ್ಟ್ರೋಕ್ ಆದ್ದರಿಂದ 720 ಡಿಗ್ರಿಗೆ ಮೂರು ಫೈರಿಂಗ್, ಅಂದರೆ 240 ಡಿಗ್ರಿಗೆ ಒಂದು. ಒಂದು ಸಿಲಿಂಡರ್ ಸುಮ್ಮನಾದರೆ 480 ಡಿಗ್ರಿ ಖಾಲಿ. ನಡುಕ ಬರೋದು ಅಲ್ಲಿಂದಲೇ.

ಯಾವ ಸಿಲಿಂಡರ್ ಅಂತ ಕಂಡುಹಿಡಿಯೋಕೆ, ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆದು, ಬಾಡಿಗೆ ಅರ್ಥ್ ಮಾಡಿದ ಹಳೇ ಪ್ಲಗ್ಗಿಗೆ ಸಿಕ್ಕಿಸಿ, ಮತ್ತೆ ಸ್ಟಾರ್ಟ್ ಮಾಡಿದೆವು. (ಓಡುವಾಗ ವೈರ್ ಕೀಳಬೇಡಿ, ಶಾಕ್ ಹೊಡೆಯತ್ತೆ!) 1 ಅಥವಾ 3 ತೆಗೆದಾಗ ನಡುಕ ಇನ್ನೂ ಜಾಸ್ತಿ ಆಯ್ತು. 2 ತೆಗೆದಾಗ ಏನೂ ಬದಲಾಗಲಿಲ್ಲ. ಕಳ್ಳ ಸಿಕ್ಕಿಬಿದ್ದ.

ಇನ್ನು ಬೇಕಾದ್ದು ಮೂರು: ಕಿಡಿ, ಮಿಕ್ಸ್ಚರ್, ಕಂಪ್ರೆಷನ್. 2ನೇ ವೈರಿನಲ್ಲಿ ಹಳೇ ಪ್ಲಗ್ ಚೆನ್ನಾಗೇ ಕಿಡಿ ಕೊಡ್ತಿತ್ತು. 2ನೇ ಪ್ಲಗ್ಗನ್ನು 3ಕ್ಕೆ ಹಾಕಿದರೂ ತೊಂದರೆ ಅದರ ಜೊತೆ ಹೋಗಲಿಲ್ಲ. ಹಾಗಾಗಿ ಕಿಡಿಯದ್ದು ತಪ್ಪಿಲ್ಲ. ಕಾರ್ಬುರೇಟರ್ ಮೂರಕ್ಕೂ ಒಂದೇ; ಅದು ಕೆಟ್ಟಿದ್ದರೆ ಮೂರೂ ನರಳಬೇಕಿತ್ತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹತ್ತಿರ ಗಾಳಿ ಎಳೀತಿದ್ರೆ ಆಕ್ಸಿಲರೇಟರ್ ಒತ್ತಿದಾಗ ಸುಧಾರಿಸಬೇಕಿತ್ತು, ಅದೂ ಆಗಲಿಲ್ಲ.

ಉಳಿದದ್ದು ಕಂಪ್ರೆಷನ್. ಜೆ.ಸಿ. ರೋಡಿಗೆ ಹೋಗಿ ಗೇಜ್ ತಂದೆವು. 1 ಮತ್ತು 3ರಲ್ಲಿ ಸುಮಾರು 160 ಪಿಎಸ್ಐ, 2ರಲ್ಲಿ ಬರೀ 90! ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದೆವು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಅಂಕಿ ಏರಬೇಕು. ಏರಲಿಲ್ಲ. ಅನುಮಾನ ವಾಲ್ವಿನ ಮೇಲೆ ಬಂತು.

ಕವರ್ ಬಿಚ್ಚಿದರೆ, 2ನೇ ಎಕ್ಸಾಸ್ಟ್ ವಾಲ್ವಿನ ಗ್ಯಾಪಿಗೆ ಅತಿ ತೆಳು ಫೀಲರ್ ಗೇಜೂ ನುಗ್ಗಲಿಲ್ಲ. ವಾಲ್ವ್ ಸೀಟು ಸವೆದಂತೆಲ್ಲ ಈ ಗ್ಯಾಪ್ ಕಡಿಮೆಯಾಗ್ತಾ ಹೋಗತ್ತೆ. ಆಮೇಲೆ ವಾಲ್ವ್ ಪೂರ್ತಿ ಮುಚ್ಚೋದೇ ಇಲ್ಲ. ಸ್ಕ್ರೂ ಸಡಿಲಿಸಿ ಗ್ಯಾಪ್ ಸರಿಮಾಡಿದ ಮೇಲೆ ಗೇಜ್ 150 ತೋರಿಸ್ತು. ವಾಲ್ವ್ ಸುಟ್ಟಿದ್ದರೆ ಹೆಡ್ ಬಿಚ್ಚಲೇಬೇಕಿತ್ತು, ಅದೃಷ್ಟ ನಮ್ಮ ಕಡೆ ಇತ್ತು.

ಹೊಸ ಪಾರ್ಟ್ ಒಂದೂ ಹಾಕಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಏನಾಯ್ತು ಅಂತ ಬರೆದುಕೊಂಡೆವು, ಅಷ್ಟೇ. ಮಾರನೇ ದಿನ ತಾತ ತಾವೇ ಗಾಡಿ ಓಡಿಸಿಕೊಂಡು ಮಲ್ಲೇಶ್ವರಕ್ಕೆ ಹೋಗಿಬಂದ್ರು.