ಉಗುರಿಗೂ ಕೊಡಲಿಗೂ ನಡುವೆ ಒಂದು ಜೇಬುಚಾಕು

“ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?” ಅಂತ ನಮ್ಮ ಹಿರಿಯರು ಕೇಳಿದ್ದಾರೆ. ಒಪ್ಪತಕ್ಕ ಮಾತೇ. ಆದರೆ ಉಗುರಿಗೆ ಬಗ್ಗದ, ಕೊಡಲಿಯೂ ಬೇಡದ ಕೆಲಸಗಳು ದಿನಕ್ಕೆ ನಾಲ್ಕಾರು ಎದುರಾಗುತ್ತವಲ್ಲ, ಅವಕ್ಕೇನು ಮಾಡೋಣ? ಊರಿನಿಂದ ಬಂದ ಪಾರ್ಸೆಲ್ಲಿನ ಹುರಿ ಹಲ್ಲಿಗೆ ಜಗ್ಗುವುದಿಲ್ಲ. ಆವಿನ್ ಹಾಲಿನ ಪೊಟ್ಟಣದ ಮೂಲೆಯನ್ನು ಕಚ್ಚಿದರೆ ಅರ್ಧ ಹಾಲು ಅಂಗಿಯ ಮೇಲೆ. ಕನ್ನಡಕದ ಸಣ್ಣ ತಿರುಪು ಪರೀಕ್ಷೆಯ ಹಿಂದಿನ ದಿನವೇ ಸಡಿಲವಾಗುತ್ತದೆ. ಬೆಂಚಿನ ಸಿಬಿರು ಬೆರಳಿಗೆ ಚುಚ್ಚಿ ಒಳಗೇ ಕೂರುತ್ತದೆ. ಆಗ ಹಾಸ್ಟೆಲಿನ ಕೋಣೆಕೋಣೆಗೂ ಹೋಗಿ ಕೇಳುವುದು: “ಲೋ, ಚಾಕು ಇದೆಯೇನೋ ನಿನ್ನ ಹತ್ರ?” “ಚಾಕು ಎಲ್ಲಿಂದ ಬರ್ಬೇಕು ಮಾರಾಯಾ, ಅರ್ಧ ಬ್ಲೇಡ್ ಇದೆ, ತಗೊ.” ಆ ಅರ್ಧ ಬ್ಲೇಡು ಹುರಿಗಿಂತ ಮೊದಲು ಬೆರಳನ್ನು ಕೊಯ್ಯುತ್ತದೆ.

ಸರಿ, ಒಂದು ಒಳ್ಳೇ ಚಾಕು ಕೊಂಡುಬಿಡೋಣ ಅಂತ ಅಂಗಡಿಗೆ ಹೋದರೆ ಗಾಜಿನ ಪೆಟ್ಟಿಗೆಯೊಳಗೆ ಹತ್ತು ಬಗೆ. ಎರಡು ಅಲಗಿನದು, ಕತ್ತರಿ ಇರುವುದು, ಗರಗಸ ಇರುವುದು, ಇಕ್ಕಳವೇ ಮಡಚಿಕೊಂಡಿರುವುದು. ಎಲ್ಲವೂ ಬೇಕು ಅನ್ನಿಸುತ್ತದೆ. ಜೇಬು ಮಾತ್ರ ಒಂದೇ. ಯಾವುದನ್ನು ಆರಿಸಬೇಕು, ಯಾಕೆ ಆರಿಸಬೇಕು, ಮುಖ್ಯವಾಗಿ ಚೆನ್ನೈಯಂಥ ಊರಿನಲ್ಲಿ ಓದುವ ನಾವು ಯಾವುದನ್ನು ಮೈಮೇಲೆ ಇಟ್ಟುಕೊಂಡು ತಿರುಗಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಈ ವಿದ್ಯೆ ನಮಗೇನೂ ಹೊಸದಲ್ಲ. ಮಲೆನಾಡಿನ ತೋಟಕ್ಕೆ ಹೋಗುವವರು ಸೊಂಟದ ಹಿಂದೆ ಮರದ ಕೊಕ್ಕೆ ಕಟ್ಟಿ ಅದಕ್ಕೆ ಕತ್ತಿ ಸಿಕ್ಕಿಸುತ್ತಾರೆ. ಅಜ್ಜನ ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಅಡಕತ್ತರಿ ಇರುತ್ತದೆ. ಕೊಡವರು ಮದುವೆಯ ದಿನ ಕುಪ್ಯದ ಮೇಲೆ ಚೇಲೆ ಬಿಗಿದು ಪೀಚೆಕತ್ತಿ ಸಿಕ್ಕಿಸಿಕೊಳ್ಳುತ್ತಾರೆ. ಅಷ್ಟೇಕೆ, ಅಮ್ಮನ ಬಳೆಯಲ್ಲಿ ಸದಾ ತೂಗುವ ಎರಡು ಸೇಫ್ಟಿ ಪಿನ್ನುಗಳಿಗಿಂತ ಹೆಚ್ಚು ಕೆಲಸ ಮಾಡಿದ ಉಪಕರಣ ಯಾವುದಿದೆ? ಇವರು ಯಾರೂ ‘ಇರಲಿ ಬಿಡು’ ಅಂತ ಹೊತ್ತವರಲ್ಲ. ಆ ದಿನದ ಕೆಲಸ ಯಾವುದೋ ಅದಕ್ಕೆ ತಕ್ಕ ವಸ್ತು ಅವರ ಮೈಮೇಲೆ ಇತ್ತು. ಆಯ್ಕೆಯ ಮೊದಲ ಸೂತ್ರವೂ ಇದೇ.

ಹಲವು ಉಪಕರಣಗಳನ್ನು ಒಂದೇ ಹಿಡಿಯೊಳಗೆ ಮಡಚುವ ಯೋಚನೆಯೂ ಹಳೆಯದೇ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನ್ನರ ಕಾಲದ ಒಂದು ಬೆಳ್ಳಿಯ ಮಡಚುಚಾಕು ಇದೆ. ಚಮಚ, ಮುಳ್ಳುಚಮಚ, ಅಲಗು, ಚುಚ್ಚುಗೋಲು ಎಲ್ಲ ಅದರಲ್ಲೇ. ಈಗ ನಾವು ‘ಸ್ವಿಸ್ ನೈಫ್’ ಅನ್ನುವುದರ ಕಥೆ ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನಲ್ಲಿ ಶುರುವಾಗುತ್ತದೆ. ಕಾರ್ಲ್ ಎಲ್ಸೆನರ್ ಎಂಬವರು 1884ರಲ್ಲಿ ಅಲ್ಲಿ ಚಾಕುವಿನ ಕಾರ್ಖಾನೆ ತೆರೆದರು. ಆ ಹೊತ್ತಿಗೆ ಸ್ವಿಸ್ ಸೈನಿಕನಿಗೆ ಎರಡು ಹೊಸ ತೊಂದರೆಗಳಿದ್ದವು. ಊಟ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು, ಅದನ್ನು ತೆರೆಯಬೇಕು. 1889ರ ಹೊಸ ಬಂದೂಕನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕು. ಆದ್ದರಿಂದ ಸೈನಿಕನ ಚಾಕುವಿನಲ್ಲಿ ಇದ್ದದ್ದು ನಾಲ್ಕೇ: ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್, ತೂತು ಕೊರೆಯುವ ಮೊನೆ. ಎಲ್ಸೆನರ್ 1891ರಲ್ಲಿ ಇದನ್ನು ಸೇನೆಗೆ ಒದಗಿಸತೊಡಗಿದರು. 1897ರಲ್ಲಿ ಅವರೇ ಇನ್ನೂ ಹಗುರಾದ ‘ಆಫೀಸರನ ಚಾಕು’ ತಂದರು. ಅದರ ಜಾಣ್ಮೆ ಏನೆಂದರೆ, ಬೆನ್ನಿನ ಒಂದೇ ಸ್ಪ್ರಿಂಗು ಎರಡು ಬದಿಯ ಉಪಕರಣಗಳನ್ನೂ ಹಿಡಿದಿಡುತ್ತದೆ. ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಎಲ್ಸೆನರ್ ಆಕೆಯ ಹೆಸರನ್ನೇ ಮಾಲಿಗೆ ಇಟ್ಟರು. ತುಕ್ಕು ಹಿಡಿಯದ ಉಕ್ಕಿಗೆ ಫ್ರೆಂಚರು ಹೇಳುವ ‘ಇನಾಕ್ಸ್’ 1921ರಲ್ಲಿ ಸೇರಿ ‘ವಿಕ್ಟೋರಿನಾಕ್ಸ್’ ಆಯಿತು.

ಇಕ್ಕಳದ ಕಥೆ ಬೇರೆ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯೊಡನೆ ಒಂದು ಹಳೆಯ ಫಿಯಟ್ ಕಾರಿನಲ್ಲಿ ಯೂರೋಪ್ ಸುತ್ತಿದರು. ಕಾರು ಕೆಡುವುದು, ಹೋಟೆಲಿನ ನಲ್ಲಿ ಸೋರುವುದು. ಜೇಬಿನಲ್ಲಿ ಚಾಕು ಇದ್ದರೂ ‘ಒಂದು ಕಟಿಂಗ್ ಪ್ಲೇಯರ್ ಇದ್ದಿದ್ದರೆ’ ಎಂಬ ಕೊರಗು. ಊರಿಗೆ ಮರಳಿ ವರ್ಷಗಟ್ಟಲೆ ಹೆಣಗಿ, 1983ರಲ್ಲಿ ಇಕ್ಕಳದ ಎರಡು ಹಿಡಿಗಳೊಳಗೇ ಉಳಿದ ಉಪಕರಣಗಳನ್ನು ಮಡಚಿಟ್ಟ ಸಾಧನವನ್ನು ಮಾರಾಟಕ್ಕೆ ತಂದರು.

ಇದರಿಂದ ನಾವು ಕಲಿಯಬೇಕಾದ್ದು ಇಷ್ಟೇ. ಡಬ್ಬಿ ಮತ್ತು ಬಂದೂಕು ಆ ಸೈನಿಕನ ಅಗತ್ಯ. ಸೋರುವ ನಲ್ಲಿ ಆ ಪ್ರವಾಸಿಯ ಅಗತ್ಯ. ನಮ್ಮದೇನು? ಕೊಳ್ಳುವ ಮೊದಲು ಒಂದು ವಾರ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡು ಬನ್ನಿ: ಯಾವಾಗ ‘ಛೆ, ಒಂದು ಚಾಕು ಇದ್ದಿದ್ದರೆ’ ಅನ್ನಿಸಿತು, ಆಗ ಬೇಕಾಗಿದ್ದದ್ದು ಅಲಗೋ, ಕತ್ತರಿಯೋ, ಚಿಮಟವೋ? ನಾನು ಹೀಗೆ ಬರೆದು ನೋಡಿದಾಗ ಅಚ್ಚರಿಯಾಯಿತು. ಎಲ್ಲಕ್ಕಿಂತ ಹೆಚ್ಚು ಸಲ ಬೇಕಾದದ್ದು ಕತ್ತರಿ. ಆಮೇಲೆ ಸಣ್ಣ ಅಲಗು, ಆಮೇಲೆ ಸ್ಕ್ರೂಡ್ರೈವರ್. ಗರಗಸ, ಬಾಟಲಿಯ ಬಿರಡೆ ತೆಗೆಯುವ ಸುರುಳಿ, ಇವು ಒಂದು ಸಲವೂ ಬೇಕಾಗಲಿಲ್ಲ. ಹಣ ಕೂಡಿಸಿ ಕೊಳ್ಳಬೇಕೆಂದಿದ್ದ ದೊಡ್ಡ ಚಾಕುವಿನಲ್ಲಿ ಇವೆರಡೂ ಇದ್ದವು, ಕತ್ತರಿಯೇ ಇರಲಿಲ್ಲ!

ಈಗ ಅಳತೆಯ ಮಾತು. ಸ್ವಿಸ್ ಚಾಕುಗಳನ್ನು ಮಡಚಿದಾಗಿನ ಉದ್ದದಿಂದ ಗುರುತಿಸುವ ರೂಢಿ ಇದೆ. 58 ಮಿಲಿಮೀಟರಿನ ಸಣ್ಣದರಲ್ಲಿ ಪುಟ್ಟ ಅಲಗು, ಕತ್ತರಿ, ಉಗುರಿನ ಅರ (ಅದರ ತುದಿಯೇ ಸ್ಕ್ರೂಡ್ರೈವರ್), ಚಿಮಟ, ಹಲ್ಲುಕಡ್ಡಿ ಇರುತ್ತವೆ. ತೂಕ ಸುಮಾರು 21 ಗ್ರಾಂ. ಬೀಗದ ಕೈ ಗೊಂಚಲಿಗೆ ಹಾಕಿದರೆ ಗೊತ್ತೇ ಆಗುವುದಿಲ್ಲ. ಚೂಡಿದಾರಕ್ಕೆ ಜೇಬೇ ಇಲ್ಲವಲ್ಲ ಎಂದು ಗೊಣಗುವ ನಮ್ಮ ಗೆಳತಿಯರಿಗೂ ಇದೇ ಅನುಕೂಲ. 91 ಮಿಲಿಮೀಟರಿನದು ಮಧ್ಯಮ. ಎರಡು ಅಲಗು, ಡಬ್ಬಿ ತೆರೆಯುವುದು, ಬಾಟಲಿ ತೆರೆಯುವುದು ಇರುವ ಸಾಧಾರಣ ಮಾದರಿ 60 ಗ್ರಾಂ ಆಸುಪಾಸು. ಅದೇ ಅಳತೆಯಲ್ಲಿ ಪದರದ ಮೇಲೆ ಪದರ ಪೇರಿಸಿದ ‘ಸ್ವಿಸ್ ಚಾಂಪ್’ ಎಂಬುದಕ್ಕೆ 33 ಕೆಲಸ ಗೊತ್ತು. ತೂಕ 185 ಗ್ರಾಂ, ಜೇಬಿನಲ್ಲಿ ಇಟ್ಟಿಗೆ ಇಟ್ಟ ಹಾಗೆ. ಇಕ್ಕಳವಿರುವ ಲೆದರ್‌ಮನ್ ‘ವೇವ್’ ಇನ್ನೂ ಭಾರ, ಸುಮಾರು 240 ಗ್ರಾಂ. ಇಂಥದ್ದನ್ನು ಮೊದಲ ವಾರ ಉತ್ಸಾಹದಿಂದ ಹೊರುತ್ತೇವೆ, ಎರಡನೇ ವಾರ ಮೇಜಿನ ಮೇಲೆ ಇಡುತ್ತೇವೆ, ಮೂರನೇ ವಾರ ಟ್ರಂಕಿಗೆ ಹಾಕುತ್ತೇವೆ. ಬೇಕಾದಾಗ ಕೈಗೆ ಸಿಗದ ಉಪಕರಣ ಎಷ್ಟು ಕೆಲಸ ಬಲ್ಲದಾದರೂ ಫಲವೇನು?

ಒಳಗಿನ ರಚನೆ ಸ್ವಲ್ಪ ಗೊತ್ತಿರಬೇಕು, ಬೆರಳಿನ ಹಿತಕ್ಕಾಗಿ. ಸಾಧಾರಣ ಮಡಚುಚಾಕುವಿನಲ್ಲಿ ಅಲಗಿನ ಬುಡವನ್ನು ಬೆನ್ನಿನ ಸ್ಪ್ರಿಂಗು ಒತ್ತಿಕೊಂಡಿರುತ್ತದೆ, ಅಷ್ಟೇ, ಚಿಲಕ ಇರುವುದಿಲ್ಲ. ಹರಿತದ ಕಡೆ ಒತ್ತಿ ಕೊಯ್ದರೆ ಅಲಗು ಇನ್ನಷ್ಟು ತೆರೆದುಕೊಳ್ಳುವ ದಿಕ್ಕಿಗೇ ಬಲ ಬೀಳುವುದರಿಂದ ಅಪಾಯವಿಲ್ಲ. ಮೊನೆಯಿಂದ ಚುಚ್ಚಿದರೆ, ಅಥವಾ ಅಲಗಿನ ಬೆನ್ನಿನಿಂದ ಮೀಟಿದರೆ, ಅದು ಮಡಚಿಕೊಂಡು ನಮ್ಮ ಬೆರಳನ್ನೇ ಹಿಡಿಯುತ್ತದೆ. ಎಳನೀರು ಚಿಪ್ಪಿಗೆ ಚುಚ್ಚಲು ಹೋಗಿ ಹೀಗೆ ಮಾಡಿಕೊಂಡ ಗುರುತು ನನ್ನ ತೋರುಬೆರಳಿನಲ್ಲಿ ಇನ್ನೂ ಇದೆ. ಚಿಲಕವಿರುವ ಚಾಕುಗಳೂ ಉಂಟು. ಫ್ರಾನ್ಸಿನ ಒಪಿನೆಲ್ ಚಾಕುವಿನ ಕತ್ತಿಗೆ ಸುತ್ತುವ ಉಂಗುರವಿದೆ. ಅದನ್ನು ತಿರುಗಿಸಿದರೆ ಅಲಗು ಅಲ್ಲಾಡದು. ತೋಟ, ಚಾರಣ ಅನ್ನುವವರಿಗೆ ಅದು ಸರಿ.

ಇನ್ನೊಂದು ಮಾತು: ಅಲಗಿನ ಮೊನೆಯಿಂದ ತಿರುಪು ತಿರುಗಿಸಬೇಡಿ. ಒಂದೇ ಚಾಕುವಿನ ಬೇರೆ ಬೇರೆ ಭಾಗಗಳ ಉಕ್ಕಿಗೆ ಬೇರೆ ಬೇರೆ ಗಡಸುತನ ಕೊಟ್ಟಿರುತ್ತಾರೆ. ವಿಕ್ಟೋರಿನಾಕ್ಸ್‌ನಲ್ಲಿ ರಾಕ್‌ವೆಲ್ ಮಾನದ ಪ್ರಕಾರ ಅಲಗಿನದು 56, ಸ್ಕ್ರೂಡ್ರೈವರಿನದು 52, ಸ್ಪ್ರಿಂಗಿನದು 49. ಗಡಸು ಹೆಚ್ಚಿದ್ದರೆ ಹರಿತ ನಿಲ್ಲುತ್ತದೆ, ಆದರೆ ತಿರುಚಿದರೆ ಮುರಿಯುತ್ತದೆ. ಗಡಸು ಕಡಿಮೆಯಾದರೆ ತಿರುಚು ತಾಳುತ್ತದೆ. ಹಾಗೆಯೇ, ಇವುಗಳಿಗೆ ಕರೆಂಟು ತಡೆಯುವ ಹಿಡಿ ಇಲ್ಲ. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಅದರ ತಿರುಪಿಗೆ ಕೈಹಾಕಿ.

ಚೆನ್ನೈಯ ಗಾಳಿಯ ಬಗ್ಗೆ ಹೇಳದಿದ್ದರೆ ಲೇಖನ ಪೂರ್ತಿಯಾಗದು. ತಿರುವಲ್ಲಿಕ್ಕೇಣಿಯ ಮ್ಯಾನ್ಷನ್‌ಗಳಲ್ಲಿ ಇರುವವರಿಗೆ ಗೊತ್ತು, ಕಿಟಕಿಯ ಸರಳಿಗೂ ಸೈಕಲ್ಲಿನ ಚೈನಿಗೂ ಸಮುದ್ರದ ಉಪ್ಪುಗಾಳಿ ಏನು ಮಾಡುತ್ತದೆಂದು. ನಮ್ಮೂರ ಕಮ್ಮಾರರು ಕುಲುಮೆಯಲ್ಲಿ ಬಡಿದ ಸಾದಾ ಉಕ್ಕಿನ ಚಾಕು ಸಾಣೆಗೆ ಸುಲಭವಾಗಿ ಬಗ್ಗುತ್ತದೆ, ಒಳ್ಳೇ ಹರಿತ ಬರುತ್ತದೆ. ಇಲ್ಲಿ ಮಾತ್ರ ಒರೆಸದೆ ಬಿಟ್ಟರೆ ಬೇಗನೆ ಕೆಂಪಾಗುತ್ತದೆ. ಸ್ಟೈನ್‌ಲೆಸ್ ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆ ಪಾಲಿಗಿಂತ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ತೆಳುಪೊರೆ ಕಟ್ಟಿ ಉಕ್ಕನ್ನು ಕಾಯುತ್ತದೆ. ಉಪ್ಪು ಆ ಪೊರೆಯನ್ನೂ ತೂತು ಮಾಡಬಲ್ಲುದು. ಆದ್ದರಿಂದ ಮರೀನಾದಲ್ಲಿ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿಂದ ಮೇಲೆ ಅಲಗನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ, ಬರಬರುತ್ತಾ ಜಿಗುಟಾಗುತ್ತದೆ. ಹರಿತ ಹೋದರೆ ಬೀದಿಯಲ್ಲಿ ‘ಸಾಣೈ’ ಎಂದು ಕೂಗಿಕೊಂಡು ಹೋಗುವವರನ್ನು ಕರೆಯಿರಿ. ಅವರ ಸಾಣೈ ನಮ್ಮ ಸಾಣೆಯೇ. ಆ ಮಾತಿಗೆ ದುಭಾಷಿ ಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. 1959ರ ಆಯುಧ ಕಾಯಿದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚಾಕುಗಳನ್ನು ಆಯುಧವೆಂದು ಪಟ್ಟಿಮಾಡುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಅದರಲ್ಲಿ ಸೇರುವುದಿಲ್ಲ. ನಾವು ಹೇಳುತ್ತಿರುವ ಚಾಕುವಿನ ಅಲಗು ಮೂರು ಅಂಗುಲ ಮುಟ್ಟುವುದಿಲ್ಲ. ‘ಹಾಗಾದರೆ ಭಯವೇನು?’ ಎನ್ನಬಹುದು. ಕಾಯಿದೆಯ ಅಕ್ಷರ ಒಂದು, ಬೀದಿಯ ಕಣ್ಣು ಇನ್ನೊಂದು. ಈ ಊರಿನಲ್ಲಿ ಕಾಲೇಜು ಹುಡುಗರ ಬಸ್ ರೂಟಿನ ಜಗಳ ಹಳೆಯ ಕಥೆ. ಗುಂಪಿನ ಮುಂದಾಳಿಗೆ ‘ರೂಟ್ ತಲ’ ಎಂಬ ಹೆಸರೇ ಇದೆ. 2019ರ ಜುಲೈಯಲ್ಲಿ ಅರುಂಬಾಕ್ಕಂನಲ್ಲಿ ಹಾಡಹಗಲೇ ವಿದ್ಯಾರ್ಥಿಗಳು ವಿದ್ಯಾರ್ಥಿಗಳ ಮೇಲೆ ಮಚ್ಚು ಬೀಸಿದರು. ಇಂಥ ಊರಿನಲ್ಲಿ ವಿದ್ಯಾರ್ಥಿಯ ಚೀಲದಿಂದ ಕಪ್ಪುಹಿಡಿಯ, ಚಿಲಕ ಬೀಳುವ, ಗುಂಡಿ ಒತ್ತಿದರೆ ಚಿಮ್ಮುವ ಚಾಕು ಹೊರಬಂದರೆ, ಅದು ಪೇರಳೆಹಣ್ಣು ಕೊಯ್ಯುವುದಕ್ಕೆ ಎಂದು ಹರಕು ಮುರುಕು ತಮಿಳಿನಲ್ಲಿ ಹೇಗೆ ನಂಬಿಸುತ್ತೀರಿ? ಕತ್ತರಿ, ಚಿಮಟ, ಉಗುರಿನ ಅರ ಇರುವ ಪುಟ್ಟ ವಸ್ತುವಾದರೆ ನೋಡಿದವರಿಗೇ ಅರ್ಥವಾಗುತ್ತದೆ.

‘ರಕ್ಷಣೆಗೆ ಇರಲಿ’ ಎನ್ನುವ ಗೆಳೆಯರಿಗೆ ಒಂದು ವಿನಂತಿ. ಆ ಒಂದು ಮಾತು ಉಪಕರಣವನ್ನು ಆಯುಧ ಮಾಡುತ್ತದೆ. ಚಿಲಕವಿಲ್ಲದ ಅಲಗು ಮೊದಲು ಕೊಯ್ಯುವುದು ನಿಮ್ಮ ಬೆರಳನ್ನೇ. ಕೊಯ್ಯದೆ ಉಳಿದರೆ ಇನ್ನೂ ಕೆಟ್ಟದ್ದು, ಓದು ಅಲ್ಲಿಗೇ ನಿಲ್ಲಬಹುದು. ಆ ಯೋಚನೆ ಇದ್ದವರು ಚಾಕು ಕೊಳ್ಳಲೇಬೇಡಿ.

ಪರೀಕ್ಷೆಯ ಕೋಣೆ, ಕೋರ್ಟು, ಸಿನಿಮಾ ಮಂದಿರಗಳಿಗೆ ಹೋಗುವಾಗ ಕೋಣೆಯಲ್ಲೇ ಬಿಟ್ಟುಹೋಗಿ. ಮೆಟ್ರೊದಲ್ಲಿ ಚೀಲ ಯಂತ್ರದೊಳಗೆ ಹೋಗುತ್ತದೆಂಬುದು ನೆನಪಿರಲಿ. ವಿಮಾನದಲ್ಲಿ 2001ರ ಸೆಪ್ಟೆಂಬರಿನ ನಂತರ ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ. ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲಿಡಿ. ಮರೆತರೆ ಅಲ್ಲೇ ಬಿಟ್ಟು ಬರಬೇಕಾದೀತು. ಅಲಗಿನ ಮೇಲೆ ಲೋಕದ ಸಂಶಯ ಎಷ್ಟು ಬೆಳೆದಿದೆಯೆಂದರೆ, ಅಲಗೇ ಇಲ್ಲದ ಜೇಬು ಉಪಕರಣ ತಯಾರಿಸುವ ಯೋಚನೆಯಲ್ಲಿದ್ದೇವೆಂದು 2024ರಲ್ಲಿ ವಿಕ್ಟೋರಿನಾಕ್ಸ್‌ನವರೇ ಹೇಳಿದರು.

ಕೊಳ್ಳುವಾಗ ಕೆಂಪು ಹಿಡಿ, ಬಿಳಿ ಶಿಲುಬೆ ನೋಡಿ ಮೋಸಹೋಗಬೇಡಿ. ಬರ್ಮಾದಿಂದ ಮರಳಿ ಬಂದವರಿಗಾಗಿ 1969ರಲ್ಲಿ ಶುರುವಾಗಿ, ಒಂದು ಕಾಲಕ್ಕೆ ವಿದೇಶಿ ಮಾಲಿಗೆ ಹೆಸರಾಗಿದ್ದ ಬರ್ಮಾ ಬಜಾರಿನಲ್ಲಾಗಲಿ, ಕನ್ನಡಿ ಹೊಳೆಯುವ ಅಂಗಡಿಯಲ್ಲಾಗಲಿ, ಪರೀಕ್ಷೆ ಒಂದೇ. ಒಂದೊಂದನ್ನೂ ತೆರೆದು ಮುಚ್ಚಿ. ‘ಟಕ್’ ಎಂದು ಕೂರಬೇಕು. ಅಲಗು ಎಡಬಲಕ್ಕೆ ಅಲ್ಲಾಡಬಾರದು. ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. ಕತ್ತರಿ ತೆಳುಕಾಗದವನ್ನು ತುದಿಯವರೆಗೂ ಕತ್ತರಿಸಬೇಕು.

ಕೊನೆಯದಾಗಿ ನನ್ನ ಸಲಹೆ: ಮೈಮೇಲೆ ಕತ್ತರಿಯಿರುವ 58 ಮಿಲಿಮೀಟರಿನದು, ಊರಿಗೆ ಹೋಗುವ ಚೀಲದಲ್ಲಿ, ಬೇಕಿದ್ದರೆ, 91ರದು, ಸೈಕಲ್ಲು, ಮೋಟಾರು, ಪ್ರಯೋಗಾಲಯದ ಗೀಳಿರುವವರ ಕೋಣೆಯಲ್ಲಿ ಇಕ್ಕಳದ್ದು. 2016ರ ಡಿಸೆಂಬರಿನ ವರ್ಧಾ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತಗಳನ್ನು ನೆನೆದು ‘ದೊಡ್ಡದೇ ಇರಲಿ’ ಅಂದುಕೊಳ್ಳುವವರೂ ಇದ್ದಾರೆ. ಅಂಥ ರಾತ್ರಿಗಳಲ್ಲಿ ಮೊದಲು ಬೇಕಾಗುವುದು ಟಾರ್ಚು, ಕುಡಿಯುವ ನೀರು, ಪಕ್ಕದ ಕೋಣೆಯ ಗೆಳೆಯ. ಮುರಿದುಬಿದ್ದ ಮರಕ್ಕೆ ಕೊಡಲಿಯವರು ಬರುತ್ತಾರೆ. ಉಗುರಿಗೂ ಕೊಡಲಿಗೂ ನಡುವಿನ ಕೆಲಸ ಮಾತ್ರ ನಮ್ಮದು. ಅದಕ್ಕೆ 21 ಗ್ರಾಂ ಸಾಕು.